ಲೈನಿಂಗ್ ಬಟ್ಟೆಯ ಮೇಲಿನ ತಲೆ

ಹೊಲಿಗೆ ಅಂಗಡಿಯ ಒಳಕೋಣೆ
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ ತಂಗಿ? ಆ ನಿನ್ನ ಗಂಡ ಮುರಿದ ಕೈ ಕೂಡಿಕೊಂಡಿತೇ? ಪಟ್ಟಿ ಬಿಚ್ಚಿದ ಕೂಡಲೇ ಬಕೆಟ್ ಎತ್ತಲು ಹೋಗಬೇಡ, ನಿನ್ನ ಆತುರ ನನಗೆ ಗೊತ್ತಿಲ್ಲವೇ! ಅವನಿಗೆ ಸುಳಿವು ಸಿಗಬಾರದೆಂದು ನೀನು ಫೋನ್ ಬಿಸಾಡಿದ್ದು ಒಳ್ಳೆಯದೇ ಆಯಿತು, ಆದರೆ ನಿನ್ನ ದನಿ ಕೇಳದೆ ನನಗೆ ಊಟ ಸೇರುತ್ತಿಲ್ಲ. ಬಟ್ಟೆಯ ಮೂಟೆ ತರುವ ಲಾರಿ ಅಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನೀನಿರುವ ಜಾಗ ಗೊತ್ತಿರುವುದು ನನಗೂ ಅವರಿಗೂ ಮಾತ್ರ.

ನನ್ನ ಬಲಗಣ್ಣು ಊದಿ ಮುಚ್ಚಿದೆ, ಎರಡು ಹಲ್ಲು ಹೋಗಿವೆ. ಹೋಗಲಿ ಬಿಡು, ಹೇಗೂ ಅಲ್ಲಾಡುತ್ತಿದ್ದವು. ನಿನ್ನ ಗಂಡ ಅನ್ನಿಸಿಕೊಂಡವನು ನಿನ್ನೆ ಬಂದಿದ್ದ.

ಅದಕ್ಕೂ ಮೊದಲು ನನ್ನ ಹೊಸ ಹುಚ್ಚು ಕೇಳು. ಫೋನಿನಲ್ಲಿ ಚಿತ್ರಕಲೆಯ ಇತಿಹಾಸ ಕಲಿಯುತ್ತಿದ್ದೇನೆ. ನಗಬೇಡ ಕತ್ತೆ. ಮೇಡಂ ಪ್ರತಿ ಪಾಠಕ್ಕೂ ಒಂದು ಹಳೆಯ ಚಿತ್ರ ತೋರಿಸಿ ಅದರ ಕಾಲದ ಕಥೆ ಹೇಳುತ್ತಾರೆ, ಆಮೇಲೆ "ನೋಡಿದ್ದು ಸಾಕು, ನಿಮ್ಮ ಮನೆ, ನಿಮ್ಮ ಜನ ಇಟ್ಕೊಂಡು ಇದನ್ನೇ ಬರೀರಿ. ಕೈ ದುಡಿದ ಮೇಲೇ ಕಣ್ಣಿಗೆ ಬುದ್ಧಿ ಬರೋದು" ಎನ್ನುತ್ತಾರೆ. ಈ ಸಲದ್ದು ನಾನೂರು ವರ್ಷದ ಹಿಂದೆ ಒಬ್ಬ ಹೆಂಗಸು ಬರೆದ ಚಿತ್ರ. ಇಬ್ಬರು ಹೆಂಗಸರು ಸೇನಾಪತಿಯೊಬ್ಬನನ್ನು ಹಾಸಿಗೆಗೆ ಒತ್ತಿ ಹಿಡಿದು ಕತ್ತು ಕೊಯ್ಯುತ್ತಿದ್ದಾರೆ. ನೋಡಿದಾಗ ಬರೀ ರಕ್ತ ಕಂಡಿತ್ತು. ಬರೆಯಲು ಕೂತಾಗ ತಿಳಿಯಿತು, ಕೊಯ್ಯುವವಳು ಉಡುಪಿನ ತೋಳು ಮೇಲೇರಿಸಿಕೊಂಡು, ಮೈಯನ್ನು ಹಿಂದಕ್ಕೆ ಎಳೆದುಕೊಂಡು ಕೊಯ್ಯುತ್ತಾಳೆ. ಬಟ್ಟೆಗೆ ಕಲೆಯಾಗಬಾರದಲ್ಲ! ಹೊಲಿಯುವವಳಾದ ನನಗೆ ಅವಳ ಮೇಲೆ ಪ್ರೀತಿಯೇ ಹುಟ್ಟಿತು. ಲೈನಿಂಗ್ ಬಟ್ಟೆಯ ಮೇಲೆ ಬರೆದೆ. ಖಡ್ಗದ ಬದಲು ನನ್ನ ದೊಡ್ಡ ಕತ್ತರಿ. ಒತ್ತಿ ಹಿಡಿದವಳು ನೀನು, ಕೊಯ್ಯುವವಳು ನಾನು. ತಲೆ ಯಾರದೆಂದು ಬೇರೆ ಹೇಳಬೇಕೇ? ಮೀಸೆ ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಣಗಲೆಂದು ಅದನ್ನು ಗೋಡೆಗೆ ಸಿಕ್ಕಿಸಿದ್ದೆ. ಆಗಲೇ ಇವನು ನುಗ್ಗಿದ. "ಎಲ್ಲಿ ಬಚ್ಚಿಟ್ಟಿದ್ದೀಯ ಅವಳನ್ನ?" ಎಂದವನು ಗೋಡೆಯಲ್ಲಿ ತನ್ನದೇ ತಲೆ ಕಂಡು ಬಾಯಿ ತೆರೆದೇ ನಿಂತ. ಆಮೇಲೆ ಮೈಮೇಲೆ ದೆವ್ವ ಬಂದವನಂತಾದ. ಹೊಲಿಗೆ ಯಂತ್ರವನ್ನು ನೆಲಕ್ಕೆ ಅಪ್ಪಳಿಸಿದ, ಕಂಡ ಕಂಡ ಚಿತ್ರಗಳನ್ನು ಹರಿದ, ನನ್ನ ಜುಟ್ಟು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಚಚ್ಚಿದ. ಚಚ್ಚಿದಾಗಲೆಲ್ಲ "ವಿಳಾಸ ಹೇಳು" ಅಂದ. ನಾನು "ನಿನ್ನ ತಲೆ" ಅಂದೆ. ಕೈಗೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿತು, ಚೆನ್ನಾಗಿ ಕಾದಿತ್ತು. ಅವನ ಕೆನ್ನೆಗೆ ಒತ್ತಿದೆ. ಚುರ್ರೆಂದಿತು, ಸುಟ್ಟ ಚರ್ಮದ ವಾಸನೆ ಬಂತು. ಪಾಪ ಅನ್ನಿಸಲಿಲ್ಲ ಗುಬ್ಬಿ, ಎಳ್ಳಷ್ಟೂ ಅನ್ನಿಸಲಿಲ್ಲ. ಇನ್ನೂ ಒತ್ತಬೇಕು ಅನ್ನಿಸಿತು, ಆ ಆಸೆಗೇ ನನಗೆ ಈಗಲೂ ಹೆದರಿಕೆ. ಅವನು ಕಿರುಚಿಕೊಂಡು ಓಡಿದ. ನಿನ್ನ ವಿಳಾಸ ನನ್ನ ಬಾಯಿಂದ ಹೊರಬೀಳಲಿಲ್ಲ, ಸತ್ತರೂ ಬೀಳುವುದಿಲ್ಲ. ನೀನು ನಿಶ್ಚಿಂತೆಯಿಂದಿರು.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ ಅಕ್ಕ

ತಾ.ಕ.: ಲಾರಿ ಅಣ್ಣ ಹಾರ್ನ್ ಹೊಡೆಯುತ್ತಿದ್ದಾರೆ. ಹರಿದ ಚಿತ್ರಗಳನ್ನು ಹೊಲಿಯೋಣವೆಂದು ಈಗಷ್ಟೇ ತುಂಡು ಜೋಡಿಸಿದೆ. ಒಂದು ಚಿತ್ರದ್ದು ಮಾತ್ರ ಒಂದು ಚೂರೂ ಸಿಗಲಿಲ್ಲ. ಕಿಟಕಿಯಾಚೆಯ ನೋಟ ಬರೆಯುವ ಪಾಠವಿತ್ತು, ಫೋನ್ ಬಿಸಾಡುವ ಮುಂಚೆ ನೀನು ಕಳಿಸಿದ ಫೋಟೊ ನೋಡಿ ನಿನ್ನ ಕೋಣೆಯ ಕಿಟಕಿಯನ್ನೇ ಬರೆದಿದ್ದೆ. ಆ ಕಾಲದವರು ಒಂದು ಇಟ್ಟಿಗೆಯನ್ನೂ ಬಿಡುತ್ತಿರಲಿಲ್ಲ ಎಂದು ಮೇಡಂ ಹೇಳಿದ್ದಕ್ಕೆ ನಾನೂ ಏನನ್ನೂ ಬಿಡಲಿಲ್ಲ. ಎದುರಿನ ಪ್ರಿಂಟಿಂಗ್ ಪ್ರೆಸ್ಸಿನ ಬೋರ್ಡು, ಅದರಲ್ಲಿರುವ ಬೀದಿಯ ಹೆಸರು, ಊರಿನ ಹೆಸರು, ಎಲ್ಲ ಅಕ್ಷರ ಅಕ್ಷರವಾಗಿ ಬರೆದಿದ್ದೆ. ನಮ್ಮ ಬೀದಿಯ ಚಹಾ ಅಂಗಡಿಯವರನ್ನು ಕೇಳಿದೆ. "ನಿನ್ನೆ ಆ ಸುಟ್ಟ ಕೆನ್ನೆಯವನು ಅಲ್ಲೇ ತಿರುವಿನಲ್ಲಿ ನಿಂತು ಯಾವುದೋ ಬಟ್ಟೆ ಬಿಡಿಸಿ ನೋಡ್ತಿದ್ದ, ನಗ್ತಿದ್ದ" ಎಂದರು. ಗುಬ್ಬಿ, ಏನನ್ನೂ ತೆಗೆದುಕೊಳ್ಳಬೇಡ, ಚಪ್ಪಲಿಯನ್ನೂ ಹುಡುಕಬೇಡ. ಈ ಕಾಗದ ತಂದ ಲಾರಿಯನ್ನೇ ಹತ್ತು.