ಕಿರಿಕಿರಿಯ ತೂಕ

ಮಾರ್ಚ್ ೩, ಬೆಳಿಗ್ಗೆ
ಹೊಲಿಗೆ ಮೆಷಿನ್ ಪಕ್ಕದ ಪಂಜರ ತೊಳೆದೆ. ನನ್ನ ಪುಟ್ಟ ಗಿಣಿ ಕಿರಿಕಿರಿಯ ಹಿಕ್ಕೆಯಲ್ಲಿ ಇವತ್ತೂ ಇಡೀ ಇಡೀ ಕಾಳು. ದಿನವಿಡೀ ತಿನ್ನುತ್ತೆ, ಆದರೂ ಎದೆಯ ಮೂಳೆ ಕೈಗೆ ಚುಚ್ಚುತ್ತೆ. ತಲೆ ಕೊಡವಿ ಕಕ್ಕಿತು — ನೆತ್ತಿಯ ಹಸಿರು ಗರಿಯೆಲ್ಲ ಅಂಟಂಟು. ಇವರು, "ವಯಸ್ಸಾಯ್ತು ಬಿಡೇ, ಬೇರೆ ತಂದ್ಕೊಡ್ತೀನಿ" ಅಂದರು. ಬಟ್ಟೆಯಾ ಇದು, ಬೇರೆ ಪೀಸ್ ತರೋಕೆ?

ಮಾರ್ಚ್ ೪
ಹಕ್ಕಿ ಡಾಕ್ಟರ್ ಹಸಿ ಹಿಕ್ಕೆಯನ್ನೇ ಮೈಕ್ರೋಸ್ಕೋಪಿಗೆ ಇಟ್ಟರು. ನನಗೂ ತೋರಿಸಿದರು. ಕತ್ತರಿಸಿ ಬಿಸಾಡಿದ ದಾರದ ತುಂಡುಗಳ ಹಾಗಿತ್ತು. ಹೊಟ್ಟೆಯಲ್ಲಿ ಯೀಸ್ಟಂತೆ. ತಿಂದದ್ದು ಅರಗುತ್ತಿಲ್ಲ.
"ಮೂವತ್ತು ದಿನ, ಎರಡು ಹೊತ್ತು, ಕೊಕ್ಕಿಗೇ ಔಷಧಿ. ನೀರಿಗೆ ಬೆರೆಸಬೇಡಿ. ಸಿಹಿ ಮುಟ್ಟಿಸಲೇಬೇಡಿ. ದಿನಾ ಬೆಳಿಗ್ಗೆ ತೂಗಿ."
ತೂಕ ೨೬ ಗ್ರಾಂ. ಇರಬೇಕಾದ್ದು ೩೫.
"ಉಳಿಯುತ್ತಾ?"
"ಹೇಳಕ್ಕಾಗಲ್ಲಮ್ಮ."
ಹೇಳೋದು ಬೇಡ. ನಾನಂತೂ ಬಿಡಲ್ಲ.

ಮಾರ್ಚ್ ೯
೨೭. ಟವೆಲ್ಲಲ್ಲಿ ಸುತ್ತಿ ಹನಿ ಬಿಡೋದು ಕಲಿತೆ. ಬೆರಳು ಕಚ್ಚಿತು. ಕಚ್ಚಲಿ... ಕಚ್ಚೋಷ್ಟು ಶಕ್ತಿ ಇದೆಯಲ್ಲ.

ಮಾರ್ಚ್ ೧೪
೨೫. ಯಾಕೆ? ಒಂದು ಹೊತ್ತೂ ತಪ್ಪಿಸಿಲ್ಲ. ಇವರದು ಮತ್ತೆ ಅದೇ ರಾಗ. ಬಚ್ಚಲಲ್ಲಿ ಅತ್ತು, ಮುಖ ತೊಳೆದು ಬಂದು ಸಂಜೆಯ ಔಷಧಿ ಹಾಕಿದೆ.

ಮಾರ್ಚ್ ೧೫, ಮಧ್ಯಾಹ್ನ
ಪಂಜರದ ನೀರಿನ ಬಟ್ಟಲಿಗೆ ಇರುವೆ ಸಾಲು. ಬರೀ ನೀರಿಗೆ ಇರುವೆಯಾ? ಅತ್ತೆಯನ್ನು ಕೇಳಿದೆ.
"ಗ್ಲೂಕೋಸ್ ಕಣೇ. ನೀನು ಕಹಿ ಹಿಂಡ್ತಿದ್ದೆ, ಪಾಪ, ನೋಡಕ್ಕಾಗಲಿಲ್ಲ."
"ಆ ಸಿಹಿ ಹಕ್ಕಿಗಲ್ಲ ಅತ್ತೆ, ಹೊಟ್ಟೆಯೊಳಗಿನ ಯೀಸ್ಟಿಗೆ ಊಟ."
ಅತ್ತೆ ಬಟ್ಟಲು ಎತ್ತಿ ನೀರನ್ನೆಲ್ಲ ಚೆಲ್ಲಿದರು. ಬೈಯೋಕೆ ಬಾಯಿ ತೆರೆದವಳು ಮುಚ್ಚಿಕೊಂಡೆ. ಡಾಕ್ಟರ್ ಹೇಳಿದ್ದನ್ನು ಮನೇಲಿ ಯಾರಿಗೂ ಹೇಳಿರಲಿಲ್ಲ. ಎಲ್ಲ ನಾನೊಬ್ಬಳೇ ಮಾಡ್ತೀನಿ ಅನ್ನೋ ಜಂಭ. ತಪ್ಪು ನನ್ನದೇ.
ಅಡುಗೆಮನೆಯ ಪುಟ್ಟ ತಕ್ಕಡಿ ಅವರ ಕೈಗಿಟ್ಟೆ. "ನಾಳೆಯಿಂದ ನೀವೇ ತೂಗಿ."

ಮಾರ್ಚ್ ೨೮
೩೦! ಅತ್ತೆ ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆದಿದ್ದಾರೆ. ಇವರ ಕಣ್ಣಿಗೆ ಬೀಳೋ ಜಾಗದಲ್ಲೇ.

ಏಪ್ರಿಲ್ ೪
ಔಷಧಿ ಮುಗಿಯಿತು. ಮೈಕ್ರೋಸ್ಕೋಪಿನಲ್ಲಿ ಒಂದೂ ದಾರದ ತುಂಡಿಲ್ಲ. "ಮತ್ತೆ ಬಂದ್ರೂ ಬರಬಹುದು, ತಿಂಗಳಿಗೊಮ್ಮೆ ಹಿಕ್ಕೆ ತನ್ನಿ" ಅಂದರು ಡಾಕ್ಟರ್. ಬರಲಿ. ನಾವಿಬ್ಬರಿದ್ದೀವಿ.

ಏಪ್ರಿಲ್ ೫, ಬೆಳಿಗ್ಗೆ ೭
ಹೊಲಿಯೋಕೆ ಕೂತರೆ ಮೆಷಿನ್ ಸದ್ದಿಗೆ ಮೊದಲಿನ ಹಾಗೇ ಕಿರಿಕಿರಿಯ ಕಿರುಚಾಟ. ಇವರು, "ಅದರ ಬಾಯಿ ಮುಚ್ಚಿಸೇ, ಫೋನಲ್ಲಿದ್ದೀನಿ."
ಒಳಗಿಂದ ಅತ್ತೆ: "ನೀನೇ ಆಚೆ ಹೋಗೋ."
ಈಗ ತಕ್ಕಡಿ ಮುಂದೆ ಕೂತು ಕೂಗ್ತಿದ್ದಾರೆ, ಬರ್ಕೊಳ್ಳೇ ಬರ್ಕೊಳ್ಳೇ ಅಂತ — ಮೂವತ್ತೈದು!