ಎಡಕ್ಕೆ ತಿರುಗಿಸಿದ ಗಿಟಾರು

ಮನೆಯಿಂದ,
ತಾರೀಕು ಹದಿನೇಳು, ಶನಿವಾರ ಮಧ್ಯಾಹ್ನ

ಪ್ರೀತಿಯ ನನ್ನವರಿಗೆ,

ಹೇಗಿದ್ದೀರಿ? ಎಡಗೈಯ ಗಾಯ ಪೂರ್ತಿ ಒಣಗಿದೆಯೆಂದು ನಿಮ್ಮ ಅಣ್ಣನ ಮನೆಯಿಂದ ಅಕ್ಕ ಫೋನು ಮಾಡಿ ಹೇಳಿದರು. ತಣ್ಣೀರು ಸೋಕಿದರೆ ಬೆರಳು ಈಗಲೂ ಜುಮ್ಮೆನ್ನುತ್ತದೆಯೇ? ಮುಲಾಮು ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ಮರೆಯುತ್ತೀರೆಂದು ಗೊತ್ತಿದ್ದೇ ಅಕ್ಕನ ಹತ್ತಿರ ಚಾಡಿ ಹೇಳಿದ್ದೇನೆ. ನಾವಿಲ್ಲಿ ಆರಾಮ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, ಆದರೂ ಮಾತಿಗೇನೂ ಕಡಿಮೆಯಿಲ್ಲ. ಫೋನಿನಲ್ಲಿ ನೀವು "ಹೂಂ", "ಆಯ್ತು" ಎಂದು ಎರಡೇ ಮಾತಿಗೆ ನನ್ನನ್ನು ಸಾಗಹಾಕುತ್ತೀರಿ. ಹೋದ ವಾರ ಅಪರೂಪಕ್ಕೆ ಒಂದು ಉದ್ದ ಮಾತು ಆಡಿದಿರಿ: "ಅಣ್ಣನ ಪ್ರೆಸ್ಸಲ್ಲಿ ಕಾಗದದ ಕಟ್ಟು ಎಣಿಸ್ಕೊಂಡು ಇಲ್ಲೇ ಇದ್ದುಬಿಡ್ತೀನಿ." ಅದಕ್ಕೇ ಈ ಪತ್ರ. ಕೂತು ಓದಿ.

ನೀವು ಹೊರಡುವಾಗ "ಆ ಗಿಟಾರು ಮಾರಿಬಿಡು, ಕಣ್ಣಿಗೆ ಬೀಳಬಾರದು" ಎಂದಿರಿ. ಮಾರಿಬಿಟ್ಟೆ. ಒಮ್ಮೆಯಾದರೂ ನಿಮ್ಮ ಮಾತು ಕೇಳಿದೆನೆಂದು ಖುಷಿಪಡಿ. ಬ್ಯಾಂಡಿನ ವ್ಯಾನಿನ ಬಾಗಿಲಿಗೆ ಸಿಕ್ಕಿ ತಂತಿ ಒತ್ತುವ ನಿಮ್ಮ ಎಡಗೈಯ ಎರಡು ಬೆರಳ ತುದಿ ಹೋದ ದಿನದಿಂದ ಅದು ಗೋಡೆಯ ಮೇಲಿರುವುದು ನನಗೂ ಬೇಡವಾಗಿತ್ತು. ಆದರೆ ಬಂದ ಹಣ ಮನೆ ತಲುಪಲಿಲ್ಲ. ದಾರಿಯಲ್ಲಿ ಹಳೆ ವಾದ್ಯಗಳ ಅಂಗಡಿಗೆ ನುಗ್ಗಿ ಇನ್ನೊಂದು ಗಿಟಾರು ಕೊಂಡೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ಇದು ಅರ್ಧ ಟೊಳ್ಳಿನ ಎಲೆಕ್ಟ್ರಿಕ್ ಗಿಟಾರು. ನಡುವೆ ಉದ್ದಕ್ಕೂ ಗಟ್ಟಿ ಮರದ ದಿಮ್ಮಿ, ಅದರ ಎರಡೂ ಪಕ್ಕ ಟೊಳ್ಳು, ಮೇಲುಗಡೆ ಬಳುಕಿದ ಎರಡು ಸೀಳು. ಕತ್ತಿನ ಎಡಕ್ಕೂ ಬಲಕ್ಕೂ ಕೈ ಇಳಿಯುವಂತೆ ಕೊರೆದ, ಒಂದೇ ಅಳತೆಯ ಭುಜ. ನಿಮ್ಮ ಹಳೆಯದರಲ್ಲಿ ಒಂದೇ ಕಡೆ ಕೊರೆದಿದ್ದರು, ಅದನ್ನು ತಿರುಗಿಸಿ ಹಿಡಿದರೆ ಕೈ ಕೊನೆಯ ಸ್ವರಗಳಿಗೆ ಹೋಗುತ್ತಲೇ ಇರಲಿಲ್ಲ. ಇದಕ್ಕೆ ಆ ತೊಂದರೆಯಿಲ್ಲ. ಅಂಗಡಿಯಲ್ಲಿ ನಾನು ಅದನ್ನು ಉಲ್ಟಾ ಹಿಡಿದು ನೋಡುತ್ತಿದ್ದೆ. ಅಂಗಡಿಯವರು ಓಡಿಬಂದು, "ಹೀಗಲ್ಲ ಮೇಡಂ, ಹೀಗೆ ಹಿಡ್ಕೋಬೇಕು" ಎಂದು ತೋರಿಸಿಕೊಟ್ಟರು. ಮದುವೆಗೆ ಮೊದಲಿನಿಂದಲೂ ಗಿಟಾರು ರಿಪೇರಿ ಮಾಡಿಕೊಂಡೇ ಬಂದವಳಿಗೆ! ನಗು ನುಂಗಿಕೊಂಡು "ಹೌದಾ ಸರ್" ಎಂದೆ.

ಎಡಗೈ ಮೀಟಿ ಬಲಗೈ ತಂತಿ ಒತ್ತುವಂತೆ ಮಾಡುವುದೆಂದರೆ ತಂತಿ ಅದಲುಬದಲು ಮಾಡಿದರೆ ಮುಗಿಯಿತು ಎಂದುಕೊಳ್ಳಬೇಡಿ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಮೂಳೆಪಟ್ಟಿಯನ್ನು ಹೊಸದಾಗಿ ಉಜ್ಜಿ ಕೂರಿಸಿದೆ. ತಂತಿಗಳ ಇನ್ನೊಂದು ತುದಿ ಕೂರುವ ಬ್ರಿಜ್ಜಿನ ಓರೆ ಉಲ್ಟಾ ಆಗಿ ಕತ್ತಿನ ಅರ್ಧ ದಾಟುತ್ತಲೇ ಶ್ರುತಿ ಕೈಕೊಡುತ್ತಿತ್ತು, ಅದರ ಜಾಗವನ್ನೂ ಬದಲಿಸಿದೆ. ವಾಲ್ಯೂಮು, ಟೋನಿನ ತಿರುಗುಗುಂಡಿಗಳು ಮೇಲಕ್ಕೆ ಬಂದು ನಿಮ್ಮ ಮುಂಗೈಗೆ ತಾಗುವಂತಿದ್ದವು. ಅವನ್ನು ಕೆಳಗಿಳಿಸಲು ಹೊಸ ತೂತು ಬೇಕು. ಡ್ರಿಲ್ ಕೈಗೆತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಒಮ್ಮೆ ಕೊರೆದರೆ ಇದನ್ನು ಇನ್ನು ಯಾರೂ ಕೊಳ್ಳುವುದಿಲ್ಲ. ಕೊನೆಗೆ ಕಣ್ಣುಮುಚ್ಚಿ ಧೈರ್ಯ ಮಾಡಿದೆ (ಕೊರೆಯುವಾಗ ಕಣ್ಣು ತೆರೆದೇ ಇತ್ತು, ಗಾಬರಿಯಾಗಬೇಡಿ). ಈ ಜಾತಿಯ ಗಿಟಾರಿಗೆ ಬೆನ್ನಲ್ಲಿ ಮುಚ್ಚಳವಿಲ್ಲ. ವೈರುಗಳನ್ನೆಲ್ಲ ಮೇಲಿನ ಸೀಳಿನಿಂದ ಒಳಗೆ ಇಳಿಬಿಟ್ಟು, ದಾರ ಕಟ್ಟಿ, ಆಯಾ ತೂತಿಗೆ ಎಳೆದು ತರಬೇಕು. ಮಗಳು ಟಾರ್ಚು ಹಿಡಿದಳು. ಎಲ್ಲಕ್ಕೂ ಒಂದೇ ಬಿಳಿ ದಾರ ಕಟ್ಟಿದ್ದೆ ನೋಡಿ, ವಾಲ್ಯೂಮು ಹೋಗಿ ಟೋನಿನ ತೂತಿನಿಂದ ಇಣುಕಿತು. ಮತ್ತೆ ಎಲ್ಲ ಹೊರಗೆ. ಆಗ ನನ್ನ ಬಾಯಿಂದ ಬಂದದ್ದನ್ನು ಅವಳು ಶಾಲೆಯಲ್ಲಿ ಹೇಳದಿದ್ದರೆ ಸಾಕು. ಮುಚ್ಚಿದ ಹಳೆ ತೂತುಗಳ ಬಣ್ಣ ಹೊಂದಿಕೊಂಡಿಲ್ಲ, ಅಂಗಿಗೆ ಬೇರೆ ಗುಂಡಿ ಹೊಲಿದ ಹಾಗೆ ಕಾಣುತ್ತವೆ.

ತಂತಿ ಮೀಟುವ ಪಿಕ್ ಹಿಡಿಯಲು ನಿಮ್ಮ ಎಡಗೈಯ ಹೆಬ್ಬೆರಳು, ತೋರುಬೆರಳು ಸಾಕು. ತಂತಿ ಒತ್ತುವ ಕೆಲಸವನ್ನು ಬಲಗೈ ಕಲಿಯಬೇಕು, ಅದೂ ಒಂದನೇ ಕ್ಲಾಸಿನಿಂದ. ನಿಮಗೆ ನಾಚಿಕೆಯೆಂದು ಗೊತ್ತು. ಅಷ್ಟು ಜನರೆದುರು ನುಡಿಸಿದವರ ಅಪಸ್ವರ ಪಕ್ಕದ ಮನೆಯವರ ಕಿವಿಗೆ ಬಿದ್ದರೆ ನಿಮಗೆ ಊಟ ಸೇರುವುದಿಲ್ಲ. ಇದನ್ನೇ ಆರಿಸಿದ್ದಕ್ಕೆ ಅದೂ ಒಂದು ಕಾರಣ. ಗಟ್ಟಿ ಮರದ್ದು ಆಂಪ್ಲಿಫೈಯರ್ ಇಲ್ಲದಿದ್ದರೆ ನುಡಿಸುವವರಿಗೇ ಸರಿಯಾಗಿ ಕೇಳಿಸದು, ಪೂರ್ತಿ ಟೊಳ್ಳಿನದು ಬೀದಿಗೆಲ್ಲ ಡಂಗುರ ಸಾರುತ್ತದೆ. ಇದರ ದನಿ ನುಡಿಸುವವರಿಗೂ ಪಕ್ಕದಲ್ಲಿ ಕೂತವರಿಗೂ ಸಾಕಾಗುವಷ್ಟೇ. ಬಾಗಿಲು ಹಾಕಿಕೊಂಡರೆ ನಿಮ್ಮ ತಪ್ಪುಗಳನ್ನು ನಾನೊಬ್ಬಳೇ ಕೇಳುತ್ತೇನೆ. ಇಷ್ಟು ವರ್ಷ ಕೇಳಿಲ್ಲವೇ! ತಂತಿಯ ಎತ್ತರವನ್ನು ನಿಮ್ಮ ಬೆರಳು ನೋಡದೆ ಹೊಂದಿಸಲಾಗದು, ಅದೊಂದು ಬಾಕಿ. ಕಲಿಯುತ್ತೇನೆ ಎಂದು ಒಂದು ಸಾಲು ಬರೆಯಿರಿ. ಬರೆದು, ಈ ತಿಂಗಳೊಳಗೆ ಹೊರಟು ಬನ್ನಿ.

ಭಾವನಿಗೂ ಅಕ್ಕನಿಗೂ ನಮಸ್ಕಾರ ತಿಳಿಸಿ. ಭಾರದ ಕಟ್ಟು ಎತ್ತಬೇಡಿ.

ಎಂದಿನಂತೆ ನಿಮ್ಮನ್ನು ಗೋಳು ಹೊಯ್ದುಕೊಳ್ಳುವ
ನಿಮ್ಮವಳು

ತಾ.ಕ.: ಕವರು ಅಂಟಿಸುವ ಮುಂಚೆ ಮಗಳಿಗೆ ಇದನ್ನು ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಪ್ಪ ಕಲಿಯಲ್ಲ ಅಂದ್ರೆ ಮನೆಗೆ ಬರಬಾರದಾ?" ಎಂದಳು. ಮತ್ತೆ ಮೊದಲಿನಿಂದ ಓದಿದೆ. ಇಷ್ಟುದ್ದ ಕಾಗದದಲ್ಲಿ ಗಿಟಾರು ನಿಮ್ಮನ್ನು ಕರೆದಿದೆ, ನಾನು ಕರೆದೇ ಇಲ್ಲ. ಹರಿದುಹಾಕಿ ಹೊಸದು ಬರೆಯೋಣವೆಂದರೆ ಅಂಚೆಯವರು ಬರುವ ಹೊತ್ತಾಯಿತು. ಕಲಿಯಬೇಡಿ. ಅದನ್ನು ಮುಟ್ಟಲೂ ಬೇಡಿ. ನೀವಿಲ್ಲದೆ ನನಗೆ ಇರಲಾಗುತ್ತಿಲ್ಲ. ಸುಮ್ಮನೆ ಕೈ ಬೀಸಿಕೊಂಡು ಬಂದುಬಿಡಿ.