ಪಾಠ ನಾಲ್ಕರ ತಾಯಿ

ಮಾರ್ಚ್ ಹನ್ನೆರಡು, ಗುರುವಾರ

ಪ್ರೀತಿಯ ಅಕ್ಕ,

ಫೋನಿನಲ್ಲಿ ನನ್ನ ದನಿ ಕೇಳಿದರೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಹರಿಯುವ ಮುಂಚೆ ಒಂದು ಸಲ ಓದುತ್ತೀಯೆಂದು ಬರೆಯುತ್ತಿದ್ದೇನೆ.

ನಾನು ಪಾಠ ಮಾಡುವ ಕಾಲೇಜಿನ ನರ್ಸಿಂಗ್ ವಿಭಾಗಕ್ಕೆ ಹೊಸ ಪಠ್ಯ ಬರೆಯುವ ಕೆಲಸ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪರದೇಶದ ಪುಸ್ತಕದ ಉದಾಹರಣೆ ಬೇಡ, ನಮ್ಮ ಜನರ ಬದುಕಿನಿಂದಲೇ ತೆಗೆಯಿರಿ, ಆದರೆ ಅವರ ಮರ್ಯಾದೆ ಕಾಯಿರಿ ಎಂದಿದ್ದರು ಸಮಿತಿಯವರು. ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ನಾಲ್ಕನೇ ಪಾಠಕ್ಕೆ ನಿನ್ನನ್ನೇ ತಂದು ಕೂರಿಸಿದೆ: ನಾಲ್ಕನೇ ತರಗತಿ ಓದಿದ, ಮನೆಯಲ್ಲೇ ಹೊಲಿಗೆ ಮಾಡುವ ತಾಯಿ, ಮೂರು ವರ್ಷದ ಮಗಳ ಕಿವಿ ಸೋರಿದಾಗ ಆಸ್ಪತ್ರೆಗೆ ಹೋಗದೆ ಎಣ್ಣೆ ಬಿಟ್ಟವಳು, ಕೊನೆಗೆ ಮಗುವಿನ ಬಲಗಿವಿಯೇ ಹೋಯಿತು. ಹೆಸರು ಬದಲಿಸಿದೆನಲ್ಲ, ನಿನ್ನನ್ನು ಕೇಳುವುದೇನಿದೆ ಅಂದುಕೊಂಡೆ. ಸಮಿತಿಯವರು ಬಾಯ್ತುಂಬ ಹೊಗಳಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಕಿವಿ ಕಳೆದುಕೊಂಡ ಆ ಮಗಳೇ, ನಮ್ಮ ಗುಬ್ಬಿಯೇ, ನಾನು ಆ ಪಠ್ಯ ಕಲಿಸುವ ತರಗತಿಯಲ್ಲಿ ಕೂರುತ್ತಾಳೆಂಬುದು ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಚಿಕ್ಕಮ್ಮನ ಪುಸ್ತಕವೆಂದು ಹೆಮ್ಮೆಪಡುತ್ತಾಳೆ ಅಂದುಕೊಂಡಿದ್ದೆ.

ಕಿರುಪರೀಕ್ಷೆಯಲ್ಲಿ ನಾನೇ ಪ್ರಶ್ನೆ ಹಾಕಿದೆ: ಈ ತಾಯಿ ಮಾಡಿದ ತಪ್ಪುಗಳನ್ನು ಪಟ್ಟಿ ಮಾಡಿ, ಹತ್ತು ಅಂಕ. ಉಳಿದ ಐವತ್ತೆರಡು ಹುಡುಗಿಯರೂ ಪುಟ ತುಂಬಿಸಿದ್ದರು. ತಿಳಿಗೇಡಿ, ಬೇಜವಾಬ್ದಾರಿ ಹೆಂಗಸು ಎಂದೆಲ್ಲ ಬರೆದದ್ದಕ್ಕೆ ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಾ ಹೋದೆ. ತರಗತಿಗೇ ಮೊದಲಿಗಳಾದ ಗುಬ್ಬಿ ಮಾತ್ರ ಪ್ರಶ್ನೆಯ ಸಂಖ್ಯೆ ಬರೆದು ಹಾಳೆ ಖಾಲಿ ಬಿಟ್ಟಿದ್ದಳು. ಕರೆದು ಯಾಕೆಂದು ಕೇಳಿದೆ. ಕಾಲೇಜಿನಲ್ಲಿ ಮೇಡಂ ಎನ್ನುವವಳು ಅವತ್ತು ಚಿಕ್ಕಮ್ಮ ಎಂದಳು. ಓದಿದ್ದೆ ಚಿಕ್ಕಮ್ಮ, ಅಮ್ಮನ ತಪ್ಪು ಬರೆಯೋಕೆ ಕೈ ಬರ್ಲಿಲ್ಲ, ಸೊನ್ನೆ ಹಾಕ್ಬಿಡು ಅಂದಳು. ಹಾಕಿದೆ, ಅಕ್ಕ. ನಿಯಮ ಎಲ್ಲರಿಗೂ ಒಂದೇ ಎಂದುಕೊಂಡು ಹಾಕಿಯೇಬಿಟ್ಟೆ.

ಆ ಸಂಜೆ ಗುಬ್ಬಿಯ ಪುಸ್ತಕದಲ್ಲಿ ಪಾಠ ಓದಿದ ನೀನು ಫೋನು ಮಾಡಿ, ಹೆಸರೇನೋ ಚೆನ್ನಾಗಿರೋದೇ ಇಟ್ಟಿದ್ದೀಯ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಇನ್ನೊಬ್ಬರ ನೋವನ್ನು ಅವರ ಒಪ್ಪಿಗೆಯಿಲ್ಲದೆ ಬಯಲಿಗಿಡಬಾರದೆಂದು ಅದೇ ಪುಸ್ತಕದ ಮೊದಲ ಪಾಠದಲ್ಲಿ ಬರೆದವಳು ನಾನೇ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ನನ್ನಂಥವರನ್ನು ನೋಡಿಯೇ ಹೇಳಿರಬೇಕು. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ.

ಆ ಪಾಠವನ್ನು ತೆಗೆದುಹಾಕಿ ಎಂದು ನಿನ್ನೆ ಸಮಿತಿಗೆ ಬರೆದುಕೊಟ್ಟೆ. ಆ ಪ್ರಶ್ನೆಯನ್ನೂ ಎಲ್ಲರಿಗೂ ರದ್ದು ಮಾಡಿದೆ. ಇಷ್ಟು ಹೊಗಳಿಸಿಕೊಂಡ ಪಾಠ ಈಗೇಕೆ ಬೇಡ ಎಂದು ಅಧ್ಯಕ್ಷರು ಕೇಳಿದ್ದಾರೆ. ಸೋಮವಾರ ಉತ್ತರ ಕೊಡಬೇಕು. ನೀನು ಕ್ಷಮಿಸದಿದ್ದರೂ ಸರಿ, ನನ್ನ ಮೇಲಿನ ಸಿಟ್ಟಿಗೆ ಗುಬ್ಬಿಯ ಓದು ಮಾತ್ರ ಬಿಡಿಸಬೇಡ.

ನಿನ್ನ
ತಂಗಿ

ಮರೆತದ್ದಲ್ಲ, ಬಚ್ಚಿಟ್ಟದ್ದು: ಲಕೋಟೆ ಅಂಟಿಸಿದವಳು ಮತ್ತೆ ಒಡೆದು ಬರೆಯುತ್ತಿದ್ದೇನೆ. ಗುಬ್ಬಿಯ ಕಿವಿ ಸೋರಿದ ಅಂದು ನೀನು ಮಗುವಿಗೆ ಚಪ್ಪಲಿ ಹಾಕಿ, ಆಸ್ಪತ್ರೆಗೆ ಹೊರಟು ಬಾಗಿಲಲ್ಲಿ ನಿಂತಿದ್ದೆ. ನರ್ಸಿಂಗ್ ಮೊದಲ ವರ್ಷದಲ್ಲಿದ್ದ ನಾನು, ನಾನು ಓದ್ತಿರೋದು ಯಾತಕ್ಕೆ, ಎರಡು ಹನಿ ಎಣ್ಣೆ ಬಿಡು ಸಾಕು ಎಂದು ನಿನ್ನನ್ನು ತಡೆದೆ. ನನ್ನ ಓದಿಗೆ ಕಲ್ಲು ಬಿದ್ದೀತೆಂದು ನೀನು ಭಾವನಿಗೂ ಹೇಳಲಿಲ್ಲ. ಅವರು ನಿನ್ನನ್ನು ಬೈಯುವಾಗ ನಾನು ಒಳಗೆ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಹದಿನಾರು ವರ್ಷವಾಯಿತು. ಗುಬ್ಬಿಗೆ ಇದನ್ನು ನೀನು ಹೇಳಬೇಡ, ಭಾನುವಾರ ಬಂದು ನಾನೇ ಹೇಳುತ್ತೇನೆ. ಭಾವನೂ ಮನೆಯಲ್ಲಿರಲಿ.